ವ್ರತ, ವಿಸ್ರಂಭ, ಪ್ರವೃತ್ತಿ: ಗುಡಗೇರಿಯ ಶಾಸನದಿಂದ ಹೊರಟ ಒಂದು ವಿಚಾರ

ಕುಂದಗೋಳ ತಾಲೂಕಿನ ಗುಡಗೇರಿಯ ಜೈನಶಾಸನವು ಇತಿಹಾಸದ ವಿದ್ಯಾರ್ಥಿಗಳಿಗೆ ಪರಿಚಿತವಾದುದೇ. ಶಕವರ್ಷ 998ರ, ಎಂದರೆ ಕ್ರಿ.ಶ. 1076–77ರ ಈ ಶಾಸನವನ್ನು ಫ್ಲೀಟ್ ಅವರು 1889ರಲ್ಲಿ ಪ್ರಕಟಿಸಿದರು. ಪುರಿಗೆರೆಯ (ಇಂದಿನ ಲಕ್ಷ್ಮೇಶ್ವರದ) ಆನೆಸೆಜ್ಜೆಯ ಬಸದಿ, ಅದನ್ನು ಕಟ್ಟಿಸಿದ ಚಾಲುಕ್ಯ ವಿಜಯಾದಿತ್ಯನ ತಂಗಿ ಕುಂಕುಮಮಹಾದೇವಿ, ಶ್ರೀನಂದಿಪಂಡಿತರು ಇವರ ಉಲ್ಲೇಖಗಳ ಜೊತೆಗೆ ಅಷ್ಟೋಪವಾಸಿ ಕಂತಿಯರೆಂಬ ಸಂನ್ಯಾಸಿನಿಯ ಹೆಸರೂ ಅದರಲ್ಲಿ ಬರುತ್ತದೆ. ಈ ಹೆಸರೇ ಪ್ರಸ್ತುತ ಲೇಖನಕ್ಕೆ ಪ್ರೇರಣೆ.

ಕಂತಿಯರ ವ್ರತವನ್ನು ಶಾಸನವು ಹೇಳುತ್ತದೆ. ಅವರ ಮನಸ್ಸನ್ನು ಹೇಳುವುದಿಲ್ಲ. ಅವರು ಹುಟ್ಟಿದ ಕಾಮವನ್ನು ಗೆದ್ದರೋ, ಅಥವಾ ಅವರಲ್ಲಿ ಅದು ಹುಟ್ಟಲೇ ಇಲ್ಲವೋ ಎಂಬ ಪ್ರಶ್ನೆಗೆ ಕಲ್ಲಿನಲ್ಲಿ ಉತ್ತರವಿಲ್ಲ. ವ್ರತವು ಮನುಷ್ಯನು ಕೈಕೊಂಡ ನಿಶ್ಚಯ. ಪ್ರವೃತ್ತಿಯು ಅವನಿಗೆ ಬಂದ ಸ್ವಭಾವ. ಈ ಎರಡನ್ನು ಬೇರ್ಪಡಿಸಿ ನೋಡದಿದ್ದರೆ ಇಂದು ಡೆಮಿಸೆಕ್ಷುಆಲಿಟಿ ಎಂದು ಕರೆಯಲಾಗುವ ವಿಷಯವು ನಮಗೆ ತಿಳಿಯಲಾರದು.

ಈ ಪದವು 2006ರಲ್ಲಿ ಬಳಕೆಗೆ ಬಂದಿತು. ಗಾಢವಾದ ಭಾವಸಂಬಂಧವು ಬೆಳೆದ ಮೇಲೆಯೇ ಕೆಲವರಲ್ಲಿ ಲೈಂಗಿಕ ಆಕರ್ಷಣೆ ಹುಟ್ಟುತ್ತದೆ. ಅದಕ್ಕೆ ಮೊದಲು ಹುಟ್ಟುವುದಿಲ್ಲ. ಅಂಥ ಸಂಬಂಧವು ಬೆಳೆದಾಗಲೂ ಅದು ಹುಟ್ಟಿಯೇ ತೀರಬೇಕೆಂಬ ನಿಯಮವಿಲ್ಲ. ಆಕರ್ಷಣೆ ಗಂಡಿನ ಕಡೆಗೋ ಹೆಣ್ಣಿನ ಕಡೆಗೋ ಎಂಬುದು ಇಲ್ಲಿ ಬೇರೆಯ ಪ್ರಶ್ನೆ. ‘ಡೆಮಿ’ ಎಂದರೆ ಅರ್ಧ. ಆದರೆ ಇವರ ಕಾಮವು ಅರೆಯಾದುದೆಂದು ಭಾವಿಸಬಾರದು. ಆದುದರಿಂದ ನಾವು ಇದನ್ನು ‘ಅನುಬಂಧಾಶ್ರಿತ ಪ್ರವೃತ್ತಿ’ ಎಂದು ಕರೆಯುತ್ತೇವೆ. 1886ರಲ್ಲಿ ಕ್ರಾಫ್ಟ್-ಎಬಿಂಗನು ಕಾಮಭೇದಗಳನ್ನು ರೋಗಗಳೆಂದು ವರ್ಗೀಕರಿಸಿದ್ದನು. ಈ ಪದವಾದರೋ ವೈದ್ಯರಿಂದ ಬಂದುದಲ್ಲ. ತಮ್ಮ ಅನುಭವವನ್ನು ಹೇಳಿಕೊಳ್ಳಬಯಸಿದವರೇ ಅದನ್ನು ರೂಪಿಸಿದರು. ಇದು ಸ್ವತಂತ್ರ ಪ್ರವೃತ್ತಿಯೋ, ಅಲೈಂಗಿಕತೆಗೆ ಸೇರಿದ ಒಂದು ಪ್ರಭೇದವೋ ಎಂಬುದರಲ್ಲಿ ಏಕಾಭಿಪ್ರಾಯವಿಲ್ಲ.

‘ಸಭ್ಯರೆಲ್ಲರೂ ಹೀಗೆಯೇ ಅಲ್ಲವೆ?’ ಎಂಬ ಆಕ್ಷೇಪವು ಸಾಮಾನ್ಯವಾಗಿ ಕೇಳಿಬರುತ್ತದೆ. ಅಲ್ಲ. ಆಕರ್ಷಣೆ ಹುಟ್ಟಿದರೂ ಪರಿಚಯವಾಗುವವರೆಗೆ ಅದನ್ನು ತಡೆಹಿಡಿಯುವುದು ಸಂಯಮ. ಇವರಲ್ಲಿ ತಡೆಹಿಡಿಯಬೇಕಾದ ಆಕರ್ಷಣೆಯೇ ಇನ್ನೂ ಹುಟ್ಟಿರುವುದಿಲ್ಲ. ಆದುದರಿಂದ ಇದನ್ನು ಸದ್ಗುಣವೆಂದು ಹೊಗಳುವುದೂ ದೋಷವೆಂದು ತೆಗಳುವುದೂ ಸಮಾನವಾಗಿ ತಪ್ಪು.

ಪದವು ಹೊಸದಾದರೂ ವಿಚಾರದ ಬೇರುಗಳು ನಮ್ಮಲ್ಲಿ ಕಾಣದೆ ಇಲ್ಲ. ಗುಡಗೇರಿಯ ಶಾಸನಕ್ಕಿಂತ ಸುಮಾರು ಅರ್ಧ ಶತಮಾನ ಮೊದಲೇ ಚಂದ್ರರಾಜನು ‘ಮದನತಿಲಕ’ವನ್ನು ಬರೆದಿದ್ದನು. ಕಾಮಶಾಸ್ತ್ರವು ಆಗಲೇ ಕನ್ನಡ ವಿದ್ವತ್ತಿನ ವಿಷಯವಾಗಿತ್ತೆಂಬುದಕ್ಕೆ ಇದೇ ಸಾಕ್ಷಿ. ಆ ಶಾಸ್ತ್ರದ ಮೂಲವಾದ ವಾತ್ಸ್ಯಾಯನನ ಗ್ರಂಥದಲ್ಲಿ ಎರಡು ಧಾರೆಗಳಿವೆ. ಕಾಮದ ಹತ್ತು ಅವಸ್ಥೆಗಳಲ್ಲಿ ಮೊದಲನೆಯದು ಚಕ್ಷುಃಪ್ರೀತಿ. ಕಣ್ಣು ಕಂಡೊಡನೆ ಮನಸ್ಸು ಸೋಲಬೇಕು. ಕಾವ್ಯಗಳು ಹಿಡಿದುದು ಹೆಚ್ಚಾಗಿ ಈ ದಾರಿಯನ್ನೇ. ನೇಮಿಚಂದ್ರನ ‘ಲೀಲಾವತಿ’ಯಲ್ಲಿ ನಾಯಕ ನಾಯಿಕೆಯರು ಒಬ್ಬರನ್ನೊಬ್ಬರು ಕನಸಿನಲ್ಲಿ ಕಂಡೇ ಅನುರಕ್ತರಾಗುತ್ತಾರೆ. ಎರಡನೆಯ ಧಾರೆಯು ಕನ್ಯಾವಿಸ್ರಂಭಣದ ಪ್ರಕರಣದಲ್ಲಿದೆ. ಮದುವೆಯಾದ ಮೇಲೆ ಮೂರು ರಾತ್ರಿ ವಧೂವರರು ಬ್ರಹ್ಮಚರ್ಯದಿಂದಿರಬೇಕು. ವರನು ವಧುವಿನ ವಿಶ್ವಾಸವನ್ನು ಮೆಲ್ಲಮೆಲ್ಲನೆ ಗಳಿಸಬೇಕು. ವಿಶ್ವಾಸ ಹುಟ್ಟುವ ಮೊದಲೇ ಬಲಾತ್ಕರಿಸಿದರೆ ಅವಳಲ್ಲಿ ದ್ವೇಷ ಹುಟ್ಟುವುದೆಂದು ಅಲ್ಲಿ ಎಚ್ಚರಿಕೆಯಿದೆ.

ಆದರೆ ಇಲ್ಲಿಯೂ ಅವಸರ ಸಲ್ಲದು. ವಾತ್ಸ್ಯಾಯನನು ಹೇಳುವುದು ವರನ ನಡವಳಿಕೆಯನ್ನು, ಒಂದು ಬಗೆಯ ಜನರ ಸ್ವಭಾವವನ್ನಲ್ಲ. ವಿಶ್ವಾಸಕ್ಕೆ ಎಷ್ಟು ದಿನ ಬೇಕೆಂಬ ಲೆಕ್ಕವೂ ವರನ ಕಡೆಯಿಂದಲೇ ನಡೆದಿದೆ. ಅನುಬಂಧವೇ ಹುಟ್ಟದಿದ್ದರೆ ವಧುವಿನ ಗತಿಯೇನು ಎಂದು ಶಾಸ್ತ್ರವು ಕೇಳುವುದಿಲ್ಲ.

ಆ ಪ್ರಶ್ನೆಯು ನ್ಯಾಯಾಲಯವನ್ನು ಮುಟ್ಟಿದುದು ಹತ್ತೊಂಬತ್ತನೆಯ ಶತಮಾನದಲ್ಲಿ. ಧಾರವಾಡವು ಆಗ ಮುಂಬಯಿ ಆಧಿಪತ್ಯಕ್ಕೆ ಸೇರಿತ್ತು. ಮುಂಬಯಿಯ ರಖಮಾಬಾಯಿಗೆ ಬಾಲ್ಯದಲ್ಲಿಯೇ ಮದುವೆಯಾಗಿತ್ತು. ಗಂಡನೊಡನೆ ಬಾಳ್ವೆಗೆ ಅವಳು ಒಪ್ಪಲಿಲ್ಲ. 1884ರಲ್ಲಿ ಗಂಡನು ದಾವೆ ಹೂಡಿದನು. 1885ರಲ್ಲಿ ನ್ಯಾಯಮೂರ್ತಿ ಪಿನ್ಹೆ ಅವಳ ಪರವಾಗಿ ತೀರ್ಪಿತ್ತರು. 1887ರಲ್ಲಿ ನ್ಯಾಯಮೂರ್ತಿ ಫರನ್, ಗಂಡನ ಮನೆಗೆ ಹೋಗು, ಇಲ್ಲವೆ ಆರು ತಿಂಗಳು ಸೆರೆವಾಸ ಅನುಭವಿಸು ಎಂದರು. 1888ರಲ್ಲಿ ವ್ಯಾಜ್ಯವು ರಾಜಿಯಲ್ಲಿ ಮುಗಿಯಿತು. ಅವಳು ಮುಂದೆ ವೈದ್ಯೆಯಾದಳು. ಅವಳನ್ನು ಅನುಬಂಧಾಶ್ರಿತಳೆಂದು ಕರೆಯಲು ಆಧಾರವಿಲ್ಲ. ಆದರೆ ಮನಸ್ಸಿಲ್ಲದ ಸಹವಾಸವನ್ನು ಕಾಯಿದೆಯು ವಿಧಿಸಬಹುದೆ ಎಂಬುದನ್ನು ಅವಳ ಮೊಕದ್ದಮೆಯು ಬಹಿರಂಗಕ್ಕೆ ತಂದಿತು.

ಆ ಪ್ರಶ್ನೆ ಇನ್ನೂ ಮುಗಿದಿಲ್ಲ. ದಾಂಪತ್ಯದ ಹಕ್ಕುಗಳನ್ನು ಮರಳಿ ಕೊಡಿಸುವ, 1955ರ ಹಿಂದೂ ವಿವಾಹ ಕಾಯಿದೆಯ 9ನೆಯ ಕಲಮನ್ನು ಸರ್ವೋಚ್ಚ ನ್ಯಾಯಾಲಯವು 1984ರಲ್ಲಿ ಎತ್ತಿಹಿಡಿಯಿತು. ಇತ್ತ, ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರಲ್ಲಿ ಲೈಂಗಿಕ ಪ್ರವೃತ್ತಿಯು ವ್ಯಕ್ತಿಯ ಖಾಸಗಿತನದ ಅವಿಭಾಜ್ಯ ಅಂಗವೆಂದು ಸಾರಿತು.

ಹಿರಿಯರು ಗೊತ್ತುಮಾಡಿದ ಮದುವೆಗಳೇ ಹೆಚ್ಚಾಗಿರುವ ನಮ್ಮ ನಾಡಿನಲ್ಲಿ ಇದು ಕೇವಲ ಗ್ರಂಥಚರ್ಚೆಯಲ್ಲ. ‘ಮದುವೆಯಾದ ಮೇಲೆ ಪ್ರೀತಿ ತಾನಾಗಿ ಬರುತ್ತದೆ’ ಎಂಬ ಮಾತು ಅನುಬಂಧಾಶ್ರಿತರಿಗೆ ಸಮಾಧಾನವೂ ಆಗಬಹುದು, ಬಲವಂತವೂ ಆಗಬಹುದು. ಕಾಲಾವಕಾಶ ಸಿಕ್ಕಿತೇ, ಬೇಡವೆನ್ನುವ ಸ್ವಾತಂತ್ರ್ಯವಿತ್ತೇ ಎಂಬುದರ ಮೇಲೆ ಅದು ನಿಂತಿದೆ. ಇತಿಹಾಸವನ್ನು ಬೋಧಿಸುವ ನಾವು ಹಿಂದಿನವರಿಗೆ ಇಂದಿನ ಹೆಸರುಗಳನ್ನು ಅಂಟಿಸಬಾರದು. ಹಾಗೆಯೇ ಹೆಸರು ಹೊಸದೆಂಬ ಒಂದೇ ಕಾರಣಕ್ಕೆ, ನಮ್ಮ ತರಗತಿಯಲ್ಲಿ ಕುಳಿತ ವಿದ್ಯಾರ್ಥಿಯ ಅನುಭವವನ್ನು ಅಲ್ಲಗಳೆಯಲೂ ಬಾರದು. ಕಂತಿಯರ ಮನಸ್ಸನ್ನು ಕಲ್ಲು ಹೇಳಲಿಲ್ಲ. ಜೀವಂತ ಮನುಷ್ಯನು ಹೇಳಬಲ್ಲನು. ಅವನ ಮಾತನ್ನು ಕೇಳುವುದು ನಮ್ಮ ಕರ್ತವ್ಯ.