ಅಡ್ಮಿಷನ್ ರಿಜಿಸ್ಟರಿನಲ್ಲಿ ಬರೆದ ಅರ್ಜಿ

ಚಳ್ಳಕೆರೆ ತಾಲ್ಲೂಕಿನ ಒಂದು ಹೈಸ್ಕೂಲಿನ ಆಫೀಸಿನಲ್ಲಿ ಗುಮಾಸ್ತನಾಗಿದ್ದವನು ನಾನು. ಕಾಲೇಜಿಗೆ ಅರ್ಜಿ ಹಾಕುವುದು ಪಿಯುಸಿ ಮುಗಿದ ಮೇಲಿನ ಕೆಲಸ ಎಂದೇ ನಮ್ಮ ಕಡೆಯ ತಂದೆತಾಯಿಗಳು ತಿಳಿದಿದ್ದರು. ಕರ್ನಾಟಕದಲ್ಲಿ ಹಾಗಿಲ್ಲ. ಮಗುವನ್ನು ಒಂದನೇ ಕ್ಲಾಸಿಗೆ ಸೇರಿಸಿದ ದಿನ ಮೇಷ್ಟ್ರು ರಿಜಿಸ್ಟರಿನಲ್ಲಿ ಬರೆಯುವ ಸಾಲಿನಿಂದಲೇ ಆ ಅರ್ಜಿ ಶುರುವಾಗುತ್ತದೆ. ಅದನ್ನು ಓದಿ ನೋಡಿ, ತಪ್ಪಿದ್ದರೆ ಸರಿಪಡಿಸಿಕೊಳ್ಳುವುದಕ್ಕೆ ಹೈಸ್ಕೂಲೇ ಸರಿಯಾದ ಕಾಲ. ಅರ್ಜಿಯ ಈ ಏರ್ಪಾಡು ಒಂದೇ ಸಲಕ್ಕೆ ಆದದ್ದಲ್ಲ, ಹಂತಹಂತವಾಗಿ ಬಂದದ್ದು.

ಹಳೇ ಮೈಸೂರು ಸೀಮೆಯಲ್ಲಿ ಕಾಲೇಜು ಹುಟ್ಟಿದ್ದೇ ಹೈಸ್ಕೂಲಿನ ಒಳಗೆ. 1858ರಲ್ಲಿ ಬೆಂಗಳೂರು ಹೈಸ್ಕೂಲು ಎಂದು ಶುರುವಾದದ್ದು 1875ರಲ್ಲಿ ಸೆಂಟ್ರಲ್ ಕಾಲೇಜಾಯಿತು. ಮದ್ರಾಸು ವಿಶ್ವವಿದ್ಯಾನಿಲಯದ ಮೆಟ್ರಿಕ್ಯುಲೇಷನ್ ಪಾಸಾದರೆ ಒಳಗೆ ಹೋಗಬಹುದಿತ್ತು. ಪಾಸಾಗುವವರೇ ಬೆರಳೆಣಿಕೆಯಷ್ಟು, ಇನ್ನು ಸೀಟಿಗೆ ಪೈಪೋಟಿ ಎಲ್ಲಿಂದ ಬರಬೇಕು? 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಆದ ಮೇಲೂ ನಿಜವಾದ ತಡೆ ಇದ್ದದ್ದು ಹೈಸ್ಕೂಲಿನ ಬಾಗಿಲಲ್ಲೇ. ಯಾರ ಮಕ್ಕಳು ಅಲ್ಲಿಯವರೆಗೆ ಬರುತ್ತಿದ್ದಾರೆ, ಯಾರ ಮಕ್ಕಳು ಬರುತ್ತಿಲ್ಲ ಎಂಬ ಪ್ರಶ್ನೆಯನ್ನು ಸರ್ಕಾರವೇ ಕೈಗೆತ್ತಿಕೊಂಡದ್ದು 1918ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರು ಲೆಸ್ಲಿ ಮಿಲ್ಲರ್ ಸಮಿತಿ ನೇಮಿಸಿದಾಗ. ಹಿಂದುಳಿದವರಿಗೆ ಸರ್ಕಾರಿ ನೌಕರಿಯಲ್ಲಿ ಪಾಲು, ಓದುವ ಮಕ್ಕಳಿಗೆ ವಿದ್ಯಾರ್ಥಿವೇತನ ಎಂಬ ಮಾತು ಅಲ್ಲಿಂದ ಬಲವಾಯಿತು. ಶಾಲೆಯ ರಿಜಿಸ್ಟರಿನ ಜಾತಿಯ ಕಾಲಂಗೆ ತೂಕ ಬಂದದ್ದೂ ಆಗಲೇ ಎಂದು ನನ್ನ ತಿಳಿವಳಿಕೆ.

ಸ್ವಾತಂತ್ರ್ಯ ಬಂದ ಮೇಲೆ ಇಂಜಿನಿಯರಿಂಗ್, ಮೆಡಿಕಲ್ ಓದಬೇಕೆನ್ನುವವರು ಹೆಚ್ಚಾದರು, ಸೀಟು ಸಾಲದಾಯಿತು. 1962ರ ಜುಲೈನಲ್ಲಿ ಮೈಸೂರು ಸರ್ಕಾರ ಆ ಕಾಲೇಜುಗಳ ಶೇಕಡ 68 ಸೀಟುಗಳನ್ನು ಮೀಸಲಿಟ್ಟಿತು. ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದೇ ವರ್ಷದ ಸೆಪ್ಟೆಂಬರಿನಲ್ಲಿ ಆ ಆದೇಶವನ್ನು ಹೊಡೆದುಹಾಕಿತು: ಮೀಸಲಾತಿ ಸಾಮಾನ್ಯವಾಗಿ ಅರ್ಧಕ್ಕಿಂತ ಕಡಿಮೆ ಇರಬೇಕು, ಹಿಂದುಳಿದಿರುವಿಕೆಯನ್ನು ಅಳೆಯಲು ಜಾತಿಯೊಂದೇ ಅಳತೆ ಆಗಕೂಡದು. ಇಡೀ ದೇಶಕ್ಕೇ ದಾರಿಯಾದ ಈ ತೀರ್ಪು ಹುಟ್ಟಿದ್ದು ನಮ್ಮ ರಾಜ್ಯದ ಕಾಲೇಜು ಸೀಟಿನ ಜಗಳದಿಂದ.

ಅದರ ಮರುವರ್ಷದ ಆದೇಶವನ್ನು ಈಗ ಯಾರೂ ನೆನೆಯುವುದಿಲ್ಲ. ನನಗೆ ಮಾತ್ರ ಅದೇ ದೊಡ್ಡದು. 1963ರ ಜುಲೈ 26ರ ಆ ಆದೇಶ ಜಾತಿಯನ್ನು ಬದಿಗಿಟ್ಟು, ವರ್ಷಕ್ಕೆ 1,200 ರೂಪಾಯಿ ಅಥವಾ ಅದಕ್ಕೂ ಕಡಿಮೆ ಆದಾಯದ, ತಾನೇ ಉಳುವ ರೈತ, ಕುಶಲಕರ್ಮಿ, ಸಣ್ಣ ವ್ಯಾಪಾರಿ, ಕೆಳದರ್ಜೆ ನೌಕರ, ಮೈಮುರಿದು ದುಡಿಯುವವ, ಇವರ ಮಕ್ಕಳನ್ನು ಹಿಂದುಳಿದವರೆಂದು ಕರೆಯಿತು. ಮಗನ ಅರ್ಜಿಯ ಜೊತೆ ಅಪ್ಪನ ಕಸುಬೂ ಆದಾಯವೂ ಲಗತ್ತಾಗಬೇಕಾಯಿತು. ಆ ಕಾಲದಲ್ಲಿ ಸಂದರ್ಶನಕ್ಕೂ ಅಂಕವಿತ್ತು, ಐಚ್ಛಿಕ ವಿಷಯಗಳ ಗರಿಷ್ಠ ಅಂಕಗಳ ಶೇಕಡ 25ರಷ್ಟು. ಚಿತ್ರಲೇಖಾ ಪ್ರಕರಣದಲ್ಲಿ ಅದನ್ನು ಪ್ರಶ್ನಿಸಿದರು, 1964ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಹಳ್ಳಿಯಿಂದ ಹೋದ ಹುಡುಗ ದೊಡ್ಡ ದೊಡ್ಡವರ ಮುಂದೆ ಕೂತು ಹತ್ತು ನಿಮಿಷದಲ್ಲಿ ತನ್ನ ಯೋಗ್ಯತೆ ತೋರಿಸಬೇಕಿತ್ತು. ಮಾತು ಬಾರದವನಿಗೆ ಇದು ಅನ್ಯಾಯ ಎಂದೇ ಇವತ್ತಿಗೂ ನನ್ನ ಅಭಿಪ್ರಾಯ.

ಆಮೇಲೆ ಹಿಂದುಳಿದ ವರ್ಗಗಳ ಹಾವನೂರು ಆಯೋಗ ಬಂತು, 1975ರಲ್ಲಿ ವರದಿ ಕೊಟ್ಟಿತು. ಇನ್ನೊಂದು ಕಡೆ ಖಾಸಗಿ ಕಾಲೇಜುಗಳಲ್ಲಿ ಡೊನೇಷನ್ ಬೆಳೆಯಿತು. ಅದನ್ನು ತಡೆಯಲು 1984ರಲ್ಲಿ ಕಾನೂನು ಮಾಡಿದರು. ಆದರೂ 1989ರ ಸರ್ಕಾರಿ ಅಧಿಸೂಚನೆಯ ಪ್ರಕಾರ ಖಾಸಗಿ ಮೆಡಿಕಲ್ ಕಾಲೇಜುಗಳಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಉಳಿದ ಕರ್ನಾಟಕದವರಿಗೆ 25,000ದವರೆಗೆ, ಹೊರರಾಜ್ಯದವರಿಗೆ 60,000ದವರೆಗೆ ಶುಲ್ಕ. ತುಮಕೂರಿನಲ್ಲಿ ಸೀಟು ಬಯಸಿದ್ದ ಮೀರತ್‌ನ ಮೋಹಿನಿ ಜೈನ್ ಕೋರ್ಟಿಗೆ ಹೋದರು. 1992ರಲ್ಲಿ ಅವರ ಪ್ರಕರಣದ ತೀರ್ಪು, 1993ರಲ್ಲಿ ಉನ್ನಿಕೃಷ್ಣನ್ ಪ್ರಕರಣದ ತೀರ್ಪು. ಎರಡನೆಯದು ಫ್ರೀ ಸೀಟು, ಪೇಮೆಂಟ್ ಸೀಟು ಎಂದು ಅರ್ಧರ್ಧ ಪಾಲು ಮಾಡಿ, ಎರಡನ್ನೂ ಮೆರಿಟ್ ಮೇಲೆಯೇ ಕೊಡಬೇಕೆಂದಿತು. ಅದರ ಫಲವೇ 1994ರ ಸಾಮಾನ್ಯ ಪ್ರವೇಶ ಪರೀಕ್ಷೆ, ಅಂದರೆ ಸಿಇಟಿ.

ಸಿಇಟಿ ಬಂದ ವರ್ಷಗಳಲ್ಲಿ ನಮ್ಮ ಆಫೀಸಿನ ಮುಂದೆ ಜೂನ್ ತಿಂಗಳಿಡೀ ಜನವೋ ಜನ. ಮೊದಲೆಲ್ಲ ಹುಡುಗ ಹತ್ತನೇ ಕ್ಲಾಸು ಮುಗಿಸಿ ಟಿಸಿ ತಗೊಂಡು ಹೋದರೆ ಮತ್ತೆ ಈ ಕಡೆ ತಲೆ ಹಾಕುತ್ತಿರಲಿಲ್ಲ. ಈಗ ಪಿಯುಸಿ ಮುಗಿಸಿದವನು ಅಪ್ಪನನ್ನು ಕರೆದುಕೊಂಡು ವಾಪಸ್ ಬರುತ್ತಿದ್ದ: “ಸಾರ್, ಸ್ಟಡಿ ಸರ್ಟಿಫಿಕೇಟ್ ಬೇಕು. ರೂರಲ್ದು ಬೇಕು. ಕನ್ನಡ ಮೀಡಿಯಂದು ಬೇಕು.” ಸೀಟು ಕೇಳಬೇಕಾದರೆ ಕರ್ನಾಟಕದಲ್ಲಿ ಕನಿಷ್ಠ ಏಳು ವರ್ಷ ಓದಿರಬೇಕು. ಗ್ರಾಮೀಣ ಮೀಸಲಾತಿಯ ಶೇಕಡ 15ಕ್ಕೆ ಸೇರಬೇಕಾದರೆ ಒಂದರಿಂದ ಹತ್ತರವರೆಗೆ ಹಳ್ಳಿ ಶಾಲೆ, ಕನ್ನಡ ಮಾಧ್ಯಮದ ಶೇಕಡ 5ಕ್ಕೆ ಹತ್ತೂ ವರ್ಷ ಕನ್ನಡ. ಎಲ್ಲಕ್ಕೂ ಹೆಡ್‌ಮಾಸ್ಟರ ಸಹಿ, ಅದರ ಮೇಲೆ ಬಿಇಒ ಸಾಹೇಬರ ಕೌಂಟರ್ ಸೈನು. ತಹಶೀಲ್ದಾರರ ಜಾತಿ ಆದಾಯದ ಸರ್ಟಿಫಿಕೇಟು ಬೇರೆ.

ನಮ್ಮದು ಗಡಿ ತಾಲ್ಲೂಕು. ಕಲ್ಯಾಣದುರ್ಗ, ರಾಯದುರ್ಗದ ಕಡೆ ಅಜ್ಜಿ ಮನೆಯಲ್ಲಿದ್ದು ತೆಲುಗಿನಲ್ಲಿ ಓದಿ ಬಂದ ಮಕ್ಕಳು ಬಹಳ. ಅವರಿಗೆ ಏಳು ವರ್ಷ ಕೂಡಿಸುವುದರಲ್ಲಿ ಸಾಕುಸಾಕಾಗುತ್ತಿತ್ತು. ಒಬ್ಬ ಹುಡುಗನಂತೂ ಒಳ್ಳೇ ರ‍್ಯಾಂಕ್ ತೆಗೆದಿದ್ದ. ಏಳನೇ ಕ್ಲಾಸು ಮಾತ್ರ ಚಳ್ಳಕೆರೆ ಪೇಟೆಯಲ್ಲಿ ಅತ್ತೆ ಮನೆಯಲ್ಲಿದ್ದು ಓದಿದ್ದ. ಆ ಒಂದು ವರ್ಷಕ್ಕೆ ಗ್ರಾಮೀಣ ಮೀಸಲಾತಿ ಕೈತಪ್ಪಿತು. “ಒಂದೇ ವರ್ಷ ಅಲ್ವಾ ಸ್ವಾಮಿ, ಅವನು ಹಳ್ಳಿ ಹುಡುಗನೇ” ಎಂದು ಅವರಪ್ಪ ರಿಜಿಸ್ಟರಿನ ಆ ಸಾಲಿನ ಮೇಲೆ ಬೆರಳಿಟ್ಟುಕೊಂಡೇ ಕೂತಿದ್ದರು.

ಆ ರಿಜಿಸ್ಟರನ್ನು ಎದುರಿಗಿಟ್ಟುಕೊಂಡವರಿಗೇ ಗೊತ್ತು. ಹೆಸರು, ತಂದೆ, ಜಾತಿ, ಹುಟ್ಟಿದ ತಾರೀಖು, ಹಿಂದಿನ ಶಾಲೆ. ಅಂಚು ಜೀರ್ಣವಾದ ಉದ್ದ ಹಾಳೆ, ನೀಲಿ ಶಾಯಿ. ಪುಟ ತಿರುವಿದರೆ ಸಾಲುಸಾಲಾಗಿ ಜೂನ್ 1. ಹುಟ್ಟಿದ ದಿನ ಗೊತ್ತಿಲ್ಲದ ಮಕ್ಕಳಿಗೆಲ್ಲ ಮೇಷ್ಟ್ರು ಶಾಲೆ ತೆರೆಯುವ ಹೊತ್ತಿನ ತಾರೀಖನ್ನೇ ಬರೆದಿದ್ದರು. ಮೆಡಿಕಲ್‌ಗೆ ಸೇರುವ ವರ್ಷದ ಡಿಸೆಂಬರ್ 31ಕ್ಕೆ 17 ತುಂಬಿರಬೇಕು. ಅಂದಾಜಿನಲ್ಲಿ ಒಂದು ವರ್ಷ ಹೆಚ್ಚುಕಡಿಮೆ ಆಗಿದ್ದರೆ ಮಗು ಒಂದು ವರ್ಷ ಕಾಯಬೇಕು. ಜಾತಿಯ ಕಾಲಂನಲ್ಲಿ ಒಂದೇ ಮನೆಯ ಅಣ್ಣನಿಗೆ ಬೇಡ, ತಮ್ಮನಿಗೆ ನಾಯಕ, ತಂಗಿಗೆ ಬರೀ ಹಿಂದೂ ಎಂದಿರುತ್ತಿತ್ತು. 1991ರಲ್ಲಿ ಪಾರ್ಲಿಮೆಂಟು ನಾಯಕ ಪಂಗಡದ ಜೊತೆಗೆ ಬೇಡ, ಬೇಡರ್, ವಾಲ್ಮೀಕಿ ಹೆಸರುಗಳನ್ನೂ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಿದ ಮೇಲೆ ಅಣ್ಣತಮ್ಮಂದಿರ ತೊಡಕು ಬಿಡಿಸಲು ದಾರಿಯಾಯಿತು. ತಂಗಿಯ ಕಾಲಂ ಸರಿಪಡಿಸಲು ಆ ಮನೆಯವರು ಕಚೇರಿಗಳಿಗೆ ಅಲೆದು ಸವೆದುಹೋದರು.

ಸೀಟು ಆರಿಸಿಕೊಳ್ಳಲು ಆಗ ಬೆಂಗಳೂರಿಗೇ ಹೋಗಬೇಕಿತ್ತು. ಶೇಂಗಾ ಬಿತ್ತಿ ಕೈಯಲ್ಲಿ ಕಾಸಿಲ್ಲದ ಹೊತ್ತಿಗೇ ಕೌನ್ಸೆಲಿಂಗ್ ಪತ್ರ ಬರುತ್ತಿತ್ತು. ಬರುವ ಬೆಳೆಯ ಮೇಲೆ ಮಂಡಿಯವರ ಹತ್ತಿರ ಸಾಲ ಎತ್ತಿ, ಡಿಡಿ ಮಾಡಿಸಿ, ಅಪ್ಪ ಮಗಳು ರಾತ್ರಿ ಬಸ್ಸು ಹತ್ತುತ್ತಿದ್ದರು. ಅಲ್ಲಿ ರ‍್ಯಾಂಕ್ ಪ್ರಕಾರ ಕರೆಯುತ್ತಿದ್ದರು. ಯಾವ ಕಾಲೇಜು ಎಂದು ಯೋಚಿಸಲು ಸಿಗುತ್ತಿದ್ದದ್ದು ನಾಲ್ಕಾರು ನಿಮಿಷ. ಆದರೂ ಸಂದರ್ಶನದ ಕಾಲಕ್ಕಿಂತ ಇದು ಎಷ್ಟೋ ವಾಸಿ. ಯಾರ ಮುಂದೆಯೂ ಕೈಕಟ್ಟಿ ನಿಲ್ಲುವುದಿರಲಿಲ್ಲ. ರ‍್ಯಾಂಕ್ ಇತ್ತು, ಕಾಗದ ಇತ್ತು, ಸೀಟು ಸಿಕ್ಕಿತು. ನಮ್ಮ ಹೈಸ್ಕೂಲಿನಲ್ಲಿ ಓದಿದ ಮೊದಲ ಡಾಕ್ಟರು ಒಬ್ಬಳು ಹುಡುಗಿ, ಬಂದದ್ದು ಈ ದಾರಿಯಲ್ಲೇ.

ಇದನ್ನೆಲ್ಲ ಕಂಡ ಮೇಲೆ ನಾನು ಒಂಬತ್ತನೇ ಕ್ಲಾಸಿನ ಮಕ್ಕಳ ತಂದೆತಾಯಿಗಳನ್ನು ದಸರಾ ರಜೆ ಮುಗಿದ ಮೇಲೆ ಕರೆಸಿ, ಅವರವರ ಮಗುವಿನ ಸಾಲನ್ನು ಗಟ್ಟಿಯಾಗಿ ಓದಿ ಹೇಳುವುದನ್ನು ರೂಢಿ ಮಾಡಿಕೊಂಡೆ. ಹತ್ತನೇ ಕ್ಲಾಸಿನ ನಾಮಿನಲ್ ರೋಲ್ ಬೋರ್ಡಿಗೆ ಹೋಗಿ ಮಾರ್ಕ್ಸ್ ಕಾರ್ಡು ಅಚ್ಚಾಗಿಬಿಟ್ಟರೆ ತಿದ್ದಿಸುವುದು ಬಹಳ ಕಷ್ಟ, ಹುಟ್ಟಿದ ತಾರೀಖಾದರೆ ಕೋರ್ಟಿಗೇ ಹೋಗಬೇಕು. ಓದು ಬಾರದ ತಾಯಂದಿರು ಕಿವಿಗೊಟ್ಟು ಕೇಳಿ, “ಅಯ್ಯೋ, ಅವನು ಹುಟ್ಟಿದ್ದು ಶ್ರಾವಣದಾಗೆ ಕಣಪ್ಪ” ಎನ್ನುತ್ತಿದ್ದರು. ಅಂಥವರ ತಿದ್ದುಪಡಿ ಅರ್ಜಿಯನ್ನು ಅವತ್ತೇ ಬರೆದು ಹೆಡ್‌ಮಾಸ್ಟರ ಮೇಜಿನ ಮೇಲಿಡುತ್ತಿದ್ದೆ.

ಈಗ ಪರೀಕ್ಷಾ ಪ್ರಾಧಿಕಾರದ ಅರ್ಜಿ ಮೊಬೈಲಿನಲ್ಲೇ ತುಂಬುತ್ತಾರೆ. ತಹಶೀಲ್ದಾರರ ಸರ್ಟಿಫಿಕೇಟಿನ ಆರ್‌ಡಿ ನಂಬರು ಹಾಕಿದರೆ ಜಾತಿ ಆದಾಯ ಕಾಣುತ್ತದೆ, ಆಪ್ಷನ್ ಎಂಟ್ರಿ ಮನೆಯಿಂದಲೇ ಆಗುತ್ತದೆ. ರಾತ್ರಿ ಬಸ್ಸು ತಪ್ಪಿತು, ಅದು ಸಣ್ಣ ಮಾತಲ್ಲ. ಆದರೆ ಕಂಪ್ಯೂಟರಿಗೆ ಹೆಸರು, ಹುಟ್ಟಿದ ತಾರೀಖು, ಓದಿದ ಶಾಲೆಯ ವಿವರ ಹೋಗುವುದು ಊರ ಶಾಲೆಯ ಆ ಉದ್ದ ಹಾಳೆಯಿಂದಲೇ. ಮಕ್ಕಳು ಎಂಟನೇ ಕ್ಲಾಸಿಗೆ ಬಂದ ಕೂಡಲೇ ಆ ಸಾಲನ್ನು ತಂದೆತಾಯಿಗೆ ಓದಿ ಹೇಳಿ ಸಹಿ ಹಾಕಿಸಿಕೊಳ್ಳಬೇಕೆಂದು ಇಲಾಖೆ ಒಂದು ಸುತ್ತೋಲೆ ಹೊರಡಿಸಲಿ ಎಂದು ನಾನು ಕೇಳುತ್ತಲೇ ಇದ್ದೇನೆ.