ಟ್ರಾಲಿಯ ಹೈಡ್ರಾಲಿಕ್ ವಾಲ್ವ್ ಸೋರುತ್ತಿದೆಯೇ? ಕೈಯಿಟ್ಟು ಹುಡುಕಬೇಡಿ

“ಪೈಪ್ ಮೇಲೆ ಕೈ ಆಡಿಸಿ ನೋಡಿ, ಎಲ್ಲಿ ಸೋರುತ್ತಿದೆ ಅಂತ ಗೊತ್ತಾಗುತ್ತೆ.” “ಪವರ್ ಕಮ್ಮಿ ಆಗಿದ್ರೆ ವಾಲ್ವ್‌ನ ಸ್ಕ್ರೂ ಎರಡು ಸುತ್ತು ಬಿಗಿ ಮಾಡಿ.” “ಲಿವರ್ ಬಿಗಿಯಾದ್ರೆ ಒಳಗಿನ ರಾಡ್‌ಗೆ ಎಮರಿ ಪೇಪರ್ ಹೊಡೀರಿ.” ಟ್ರ್ಯಾಕ್ಟರ್, ಟಿಪ್ಪರ್, ಜೆಸಿಬಿ ಇಟ್ಟುಕೊಂಡವರಿಗೆ ಇಂಥ ಸಲಹೆಗಳು ಗ್ಯಾರೇಜಿನಲ್ಲೂ ಸಿಗುತ್ತವೆ, ಮೊಬೈಲಿಗೂ ಬರುತ್ತವೆ. ಈ ಮೂರೂ ತಪ್ಪು. ಕೊನೆಯದು ದುಡ್ಡು ಕಳೆಯುತ್ತದೆ, ನಡುವಿನದು ಗಾಡಿ ಹಾಳು ಮಾಡುತ್ತದೆ, ಮೊದಲನೆಯದು ಬೆರಳನ್ನೇ ತೆಗೆಯಬಹುದು.

ಶಿವಮೊಗ್ಗದ ರಾಗಿಗುಡ್ಡದಿಂದ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶ ದಾಟಿ ಭದ್ರಾವತಿಯವರೆಗೆ ಹೋದರೆ ದಾರಿಯುದ್ದಕ್ಕೂ ಈ ವಾಲ್ವ್‌ಗಳು ಕೆಲಸ ಮಾಡುತ್ತಿರುತ್ತವೆ. ಜಲ್ಲಿ ಸುರಿಯುವ ಟ್ರಾಲಿ, ಮಣ್ಣು ತೆಗೆಯುವ ಜೆಸಿಬಿ, ವರ್ಕ್‌ಶಾಪಿನ ಪ್ರೆಸ್, ಎಲ್ಲದರಲ್ಲೂ ಕೈಯಿಂದ ಎಳೆಯುವ ಒಂದು ಲಿವರ್ ಇದ್ದೇ ಇರುತ್ತದೆ.

ಲಿವರ್ ಎಳೆದಾಗ ಒಳಗೆ ಏನಾಗುತ್ತದೆ?

ವಾಲ್ವ್ ಅಂದರೆ ಕೊರೆದ ರಂಧ್ರವಿರುವ ಒಂದು ಕಬ್ಬಿಣದ ದಿಮ್ಮಿ. ಆ ರಂಧ್ರದೊಳಗೆ ನುಣುಪಾದ ಉಕ್ಕಿನ ಒಂದು ರಾಡ್ ಹಿಂದೆ ಮುಂದೆ ಸರಿಯುತ್ತದೆ. ಇದಕ್ಕೆ ಸ್ಪೂಲ್ ಎನ್ನುತ್ತಾರೆ. ಲಿವರ್ ಒಂದು ಕಡೆ ಎಳೆದರೆ ಪಂಪಿನ ಎಣ್ಣೆ ಜಾಕಿಗೆ ಹೋಗುತ್ತದೆ, ಟ್ರಾಲಿ ಏಳುತ್ತದೆ. ಇನ್ನೊಂದು ಕಡೆ ತಳ್ಳಿದರೆ ಜಾಕಿಯ ಎಣ್ಣೆ ಟ್ಯಾಂಕಿಗೆ ಮರಳುತ್ತದೆ, ಟ್ರಾಲಿ ಇಳಿಯುತ್ತದೆ. ನ್ಯೂಟ್ರಲ್‌ನಲ್ಲಿ ಬಿಟ್ಟರೆ ಜಾಕಿಯ ದಾರಿ ಮುಚ್ಚಿಕೊಳ್ಳುತ್ತದೆ.

ಶಕ್ತಿ ಬರುವುದು ಎಣ್ಣೆಯ ಒತ್ತಡದಿಂದ. ಕಾರಿನ ಟಯರಿನಲ್ಲಿ ಇರುವುದು ಸುಮಾರು 2 ಬಾರ್ ಒತ್ತಡ. ಟ್ರ್ಯಾಕ್ಟರಿನ ಹೈಡ್ರಾಲಿಕ್‌ನಲ್ಲಿ ಸಾಮಾನ್ಯವಾಗಿ 150ರಿಂದ 200 ಬಾರ್. 10 ಸೆಂಟಿಮೀಟರ್ ವ್ಯಾಸದ ಜಾಕಿಗೆ 150 ಬಾರ್ ಒತ್ತಡ ಕೊಟ್ಟರೆ ಅದು ಸುಮಾರು 12 ಟನ್ ಬಲದಿಂದ ಮೇಲಕ್ಕೆ ತಳ್ಳುತ್ತದೆ.

ಇಷ್ಟು ಒತ್ತಡವನ್ನು ತಡೆಯುತ್ತಿರುವುದು ಸ್ಪೂಲ್ ಮತ್ತು ರಂಧ್ರದ ನಡುವಿನ ಬಹಳ ಸಣ್ಣ ಸಂದು. ಅದು ಕೆಲವೇ ಮೈಕ್ರಾನ್‌ಗಳಷ್ಟು. ನಮ್ಮ ತಲೆಕೂದಲು ಸುಮಾರು 70 ಮೈಕ್ರಾನ್ ದಪ್ಪ. ಬರಿಗಣ್ಣಿಗೆ ಕಾಣದಷ್ಟು ಸಣ್ಣ ಧೂಳು ಕೂಡ ಸ್ಪೂಲನ್ನು ಗೀರಬಲ್ಲದು, ಸಿಕ್ಕಿಸಬಲ್ಲದು. ಆದ್ದರಿಂದ ವಾಲ್ವ್ ಕೆಡಲು ದೊಡ್ಡ ಕಾರಣ ಕೊಳಕು ಎಣ್ಣೆ. ವಾಲ್ವ್ ಬದಲಿಸಿ ಎಣ್ಣೆ ಹಳೆಯದನ್ನೇ ಬಿಟ್ಟರೆ ಹೊಸ ವಾಲ್ವೂ ಅದೇ ದಾರಿ ಹಿಡಿಯುತ್ತದೆ.

ಲಕ್ಷಣ ನೋಡಿ, ಆಮೇಲೆ ಬಿಚ್ಚಿ

ಲಿವರ್ ಬಿಗಿಯಾಗಿದೆ: ಮೊದಲು ಹೊರಗಿನ ಪಿನ್ನು, ಲಿಂಕ್ ತುಕ್ಕು ಹಿಡಿದಿದೆಯೇ ನೋಡಿ. ವಾಲ್ವ್ ಕೂಡಿಸಿದ ಮೇಲೆ ಬಿಗಿಯಾಗಿದ್ದರೆ ಬೋಲ್ಟ್ ಅತಿಯಾಗಿ ಬಿಗಿದಿರಬಹುದು, ಅಥವಾ ಸಮತಟ್ಟಿಲ್ಲದ ಪ್ಲೇಟಿನ ಮೇಲೆ ಕೂರಿಸಿರಬಹುದು. ವಾಲ್ವ್ ಕೂದಲೆಳೆಯಷ್ಟು ತಿರುಚಿಕೊಂಡರೂ ಸ್ಪೂಲ್ ಸಿಕ್ಕಿಕೊಳ್ಳುತ್ತದೆ. ಇದೆರಡೂ ಇಲ್ಲವಾದರೆ ಒಳಗೆ ಕೊಳಕು ಸೇರಿದೆ ಅಥವಾ ಸ್ಪೂಲ್ ಬಾಗಿದೆ.

ಕೈಬಿಟ್ಟರೂ ಲಿವರ್ ನ್ಯೂಟ್ರಲ್‌ಗೆ ಬರುವುದಿಲ್ಲ: ಸ್ಪ್ರಿಂಗ್ ಮುರಿದಿರಬಹುದು, ಇಲ್ಲವೇ ಕೊಳಕು. ಕೆಲವು ವಾಲ್ವ್‌ಗಳಲ್ಲಿ ಲಿವರ್ ನಿಂತಲ್ಲೇ ನಿಲ್ಲುವಂತೆ ಮಾಡಿರುತ್ತಾರೆ, ಅದು ದೋಷವಲ್ಲ.

ಎತ್ತಲು ಲಿವರ್ ಎಳೆದ ಕೂಡಲೇ ಟ್ರಾಲಿ ಒಮ್ಮೆ ಕುಸಿದು ಆಮೇಲೆ ಏಳುತ್ತದೆ: ಎಣ್ಣೆ ಹಿಂದಕ್ಕೆ ಹರಿಯದಂತೆ ತಡೆಯುವ ಚೆಕ್ ವಾಲ್ವ್ ಸರಿಯಾಗಿ ಕೂರುತ್ತಿಲ್ಲ.

ಲಿವರ್ ಬುಡದಲ್ಲಿ ಎಣ್ಣೆ ಜಿನುಗುತ್ತದೆ: ಹೆಚ್ಚಾಗಿ ಸ್ಪೂಲ್ ತುದಿಯ ಓ-ರಿಂಗ್ ಹೋಗಿರುತ್ತದೆ. ವಾಲ್ವ್‌ನ ಮಾಡೆಲ್ ಹೇಳಿ ಸೀಲ್ ಕಿಟ್ ಕೇಳಿ. ಕಣ್ಣಳತೆಯಲ್ಲಿ ಹತ್ತಿರದ ಸೈಜು ಹಾಕಿದರೆ ನಿಲ್ಲುವುದಿಲ್ಲ.

ನ್ಯೂಟ್ರಲ್‌ನಲ್ಲೂ ಟ್ರಾಲಿ ಮೆಲ್ಲಗೆ ಇಳಿಯುತ್ತದೆ: ಟ್ರಾಲಿಯ ಒಂದೇ ಹೋಸಿನ ಜಾಕಿಯ ಸೀಲ್ ಹೋದರೆ ಎಣ್ಣೆ ಹೊರಗೆ ಕಾಣುತ್ತದೆ. ಹೊರಗೆಲ್ಲೂ ಎಣ್ಣೆಯಿಲ್ಲದೆ ಬೇಗ ಇಳಿಯುತ್ತಿದ್ದರೆ ವಾಲ್ವ್ ಮೇಲೆ ಅನುಮಾನ ಪಡಬಹುದು. ಜೆಸಿಬಿಯಂಥ ಎರಡು ಹೋಸಿನ ಜಾಕಿಯಲ್ಲಿ ಪಿಸ್ಟನ್ ಸೀಲ್ ಹೋದರೂ ಹೊರಗೆ ಕಾಣುವುದಿಲ್ಲ. ಅದನ್ನು ಮೆಕ್ಯಾನಿಕ್ ಬೇರೆಯಾಗಿ ಪರೀಕ್ಷಿಸಬೇಕು.

ಶಕ್ತಿ ಕಮ್ಮಿಯಾಗಿದೆ: ಮೊದಲು ಎಣ್ಣೆಯ ಮಟ್ಟ, ಆಮೇಲೆ ಫಿಲ್ಟರ್, ಆಮೇಲೆ ಪಂಪ್. ವಾಲ್ವ್ ಕೊನೆಗೆ.

ಎಣ್ಣೆಯನ್ನೇ ಕೇಳಿ ನೋಡಿ

ಸ್ವಲ್ಪ ಎಣ್ಣೆಯನ್ನು ಗಾಜಿನ ಬಾಟಲಿಯಲ್ಲಿ ಹಿಡಿದು ಬೆಳಕಿಗೆ ಇಡಿ. ಹಾಲಿನಂತೆ ಬೆಳ್ಳಗಿದ್ದು, ಸ್ವಲ್ಪ ಹೊತ್ತು ಬಿಟ್ಟರೆ ತಿಳಿಯಾದರೆ ಅದು ಗಾಳಿ. ಪಂಪಿಗೆ ಎಣ್ಣೆ ಎಳೆಯುವ ಪೈಪಿನ ಜಾಯಿಂಟ್ ನೋಡಿ. ಬೆಳ್ಳಗೇ ಉಳಿದರೆ ನೀರು ಸೇರಿದೆ. ಮಲೆನಾಡಿನ ಮಳೆಗಾಲದಲ್ಲಿ ಟ್ಯಾಂಕಿನ ಮುಚ್ಚಳ ಸಡಿಲವಿದ್ದರೆ ಇಷ್ಟು ಸಾಕು. ಆ ಎಣ್ಣೆಯನ್ನು ಬದಲಿಸಲೇಬೇಕು. ಕೆಂಪಗಿದೆ, ಹಳದಿಯಿದೆ ಎಂದು ಬಣ್ಣ ನೋಡಿ ಎಣ್ಣೆ ಕೊಳ್ಳಬೇಡಿ. ಗಾಡಿಯ ಪುಸ್ತಕದಲ್ಲಿ ಹೇಳಿದ ದರ್ಜೆ ಯಾವುದು, ಅದನ್ನೇ ಹಾಕಿ.

ಸ್ಕ್ರೂ ಬಿಗಿ ಮಾಡಿದರೆ ಪವರ್ ಬರುತ್ತದೆಯೇ?

ಆ ಸ್ಕ್ರೂ ಇರುವುದು ರಿಲೀಫ್ ವಾಲ್ವ್‌ಗೆ. ಒತ್ತಡ ಮಿತಿ ಮೀರಿದಾಗ ಎಣ್ಣೆಯನ್ನು ಟ್ಯಾಂಕಿಗೆ ಬಿಟ್ಟು ಹೋಸನ್ನೂ ಜಾಕಿಯನ್ನೂ ಕಾಯುವುದು ಅದರ ಕೆಲಸ. ಕುಕ್ಕರಿನ ಸೇಫ್ಟಿ ವಾಲ್ವ್ ಇದ್ದಂತೆ. ಸವೆದ ಪಂಪಿಗೆ ಈ ಸ್ಕ್ರೂನಿಂದ ಜೀವ ಬರುವುದಿಲ್ಲ. ಪಂಪ್ ಚೆನ್ನಾಗಿದ್ದರಂತೂ ಒತ್ತಡ ಮಿತಿ ಮೀರಿ ಹೋಸ್ ಒಡೆಯಬಹುದು. ಪ್ರೆಷರ್ ಗೇಜ್ ಹಾಕದೆ ಆ ಸ್ಕ್ರೂ ಮುಟ್ಟಬಾರದು.

ಲೇತ್‌ನಲ್ಲಿ ಸರಿ ಮಾಡಿಸಬಹುದೇ?

1918ರಲ್ಲಿ ಭದ್ರಾವತಿಯಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆಗೆ ಅಡಿಗಲ್ಲು ಬಿದ್ದಾಗಿನಿಂದ ಈ ಭಾಗಕ್ಕೆ ಲೋಹದ ಕೆಲಸ ಹೊಸದಲ್ಲ. ಪಿನ್ನು, ಬುಷ್, ಲಿವರ್ ಮುರಿದರೆ ಇಲ್ಲಿನ ಲೇತ್‌ಗಳಲ್ಲಿ ಚೆನ್ನಾಗಿಯೇ ಮಾಡಿಕೊಡುತ್ತಾರೆ. ಸ್ಪೂಲ್ ಮಾತ್ರ ಬೇರೆ. ಅದನ್ನು ಅದೇ ರಂಧ್ರಕ್ಕೆ ಜೋಡಿಯಾಗಿ ಉಜ್ಜಿ ಕೂರಿಸಿರುತ್ತಾರೆ. ಎಮರಿ ಪೇಪರ್ ಹೊಡೆದರೆ ಲಿವರ್ ಸಲೀಸಾಗುತ್ತದೆ ನಿಜ, ಆದರೆ ಸಂದು ದೊಡ್ಡದಾಗಿ ಟ್ರಾಲಿ ನಿಲ್ಲುವುದೇ ಇಲ್ಲ. ಒಂದು ವಾಲ್ವ್‌ನ ಸ್ಪೂಲ್ ಇನ್ನೊಂದಕ್ಕೆ ಹಾಕುವುದೂ ಸಲ್ಲ. ಗೀರು ಉಗುರಿಗೆ ತಾಗುವಷ್ಟಿದ್ದರೆ ವಾಲ್ವನ್ನೇ ಬದಲಿಸುವುದು ಅಗ್ಗ. ಬಿಚ್ಚಿದ ಭಾಗಗಳನ್ನು ಕಾಟನ್ ವೇಸ್ಟ್‌ನಿಂದ ಒರೆಸಬೇಡಿ, ಅದರ ನೂಲೆಳೆಯೇ ಒಳಗೆ ಸೇರಿ ಕೂರುತ್ತದೆ. ತೊಳೆದು, ಗಾಳಿ ಹೊಡೆದು, ಹೊಸ ಎಣ್ಣೆ ಸವರಿ ಕೂಡಿಸಿ.

ಬಿಚ್ಚುವ ಮೊದಲು

ಟ್ರಾಲಿಯನ್ನು ಪೂರ್ತಿ ಇಳಿಸಿ, ಎಂಜಿನ್ ಆಫ್ ಮಾಡಿ, ಲಿವರನ್ನು ಎರಡೂ ಕಡೆ ನಾಲ್ಕಾರು ಸಲ ಆಡಿಸಿ ಉಳಿದ ಒತ್ತಡ ಬಿಡಿ. ಎತ್ತಿದ ಟ್ರಾಲಿಯ ಕೆಳಗೆ ಹೋಗಲೇಬೇಕಾದರೆ ಮೊದಲು ಖಾಲಿ ಮಾಡಿ, ಭಾರ ತಡೆಯುವ ಉಕ್ಕಿನ ಊರೆ ಕೊಡಿ. ಹೊಚ್ಚ ಹೊಸ ಸ್ಪೂಲ್ ವಾಲ್ವ್ ಕೂಡ ಒಳಗೊಳಗೆ ಚೂರು ಎಣ್ಣೆ ಬಿಡುತ್ತದೆ. ಅದು ಬೀಗವಲ್ಲ. ಒಂದು ಹೋಸ್ ಒಡೆದರೂ ಟ್ರಾಲಿ ಕೆಳಗೆ ಬರುತ್ತದೆ.

ಸೂಜಿ ಚುಚ್ಚಿದಂಥ ಗಾಯ ಸಣ್ಣದಲ್ಲ

ಸುಮಾರು 7 ಬಾರ್ ಒತ್ತಡದ ಸಣ್ಣ ಧಾರೆಯೇ ಚರ್ಮ ತೂರಬಲ್ಲದು. ಹೋಸಿನ ಸೂಜಿರಂಧ್ರದಿಂದ 150 ಬಾರ್‌ನಲ್ಲಿ ಬರುವ ಎಣ್ಣೆ ಕಣ್ಣಿಗೆ ಮಂಜಿನಂತೆ ಕಾಣಬಹುದು, ಕಾಣದೆಯೂ ಇರಬಹುದು. ಕೈ ಅಡ್ಡ ಬಂದರೆ ಇಂಜೆಕ್ಷನ್ ಕೊಟ್ಟ ಹಾಗೆ ಒಳಗೆ ಹೋಗುತ್ತದೆ. ಹೊರಗೆ ಒಂದು ಚುಕ್ಕೆ, ಮೊದಲಿಗೆ ನೋವೂ ಕಮ್ಮಿ. ಆದರೆ ಒಳಗೆ ಎಣ್ಣೆ ನರ, ರಕ್ತನಾಳಗಳ ಸುತ್ತ ಹರಡಿ ಬಾವು ಏರುತ್ತಾ ಹೋಗುತ್ತದೆ, ಮಾಂಸ ಸಾಯತೊಡಗುತ್ತದೆ. ಬಣ್ಣ, ಗ್ರೀಸ್, ಎಣ್ಣೆ ಮುಂತಾದವು ಹೀಗೆ ಕೈಗೆ ಹೊಕ್ಕ 435 ಪ್ರಕರಣಗಳನ್ನು 2006ರ ಒಂದು ವೈದ್ಯಕೀಯ ವಿಮರ್ಶೆ ಒಟ್ಟು ಮಾಡಿ ನೋಡಿತ್ತು. ಅವುಗಳಲ್ಲಿ ಸುಮಾರು 30% ಮಂದಿಗೆ ಬೆರಳು ಅಥವಾ ಕೈಯ ಭಾಗ ತೆಗೆಯಬೇಕಾಯಿತು.

ಅರಿಶಿನ ಹಚ್ಚಿ ಕೂರಬೇಡಿ. ಹಿಂಡಬೇಡಿ, ಬಿಸಿನೀರಲ್ಲಿ ಅದ್ದಬೇಡಿ, ನಾಳೆ ನೋಡೋಣ ಎನ್ನಬೇಡಿ. ಶಸ್ತ್ರಚಿಕಿತ್ಸೆ ವಿಭಾಗವಿರುವ ಆಸ್ಪತ್ರೆಗೆ ತಕ್ಷಣ ಹೋಗಿ. ಶಿವಮೊಗ್ಗದವರಿಗೆ ಮೆಗ್ಗಾನ್ ಆಸ್ಪತ್ರೆಯಿದೆ, ದೂರದವರು 108ಕ್ಕೆ ಕರೆ ಮಾಡಿ. “ಒತ್ತಡದ ಎಣ್ಣೆ ಚರ್ಮದೊಳಗೆ ಹೋಗಿದೆ” ಎಂದು ಸ್ಪಷ್ಟವಾಗಿ ಹೇಳಿ. ಇಲ್ಲದಿದ್ದರೆ ಚುಕ್ಕೆ ನೋಡಿ ಬರೀ ಟಿ.ಟಿ. ಕೊಟ್ಟು ಕಳಿಸುವ ಸಂಭವವಿದೆ. ಎಣ್ಣೆ ಡಬ್ಬಿಯ ಲೇಬಲ್ಲಿನ ಫೋಟೋ ತೆಗೆದುಕೊಂಡು ಹೋಗಿ. ಆಪರೇಷನ್ ಬೇಕಾಗಬಹುದು, ಆದ್ದರಿಂದ ಏನೂ ತಿನ್ನಬೇಡಿ.

ಹಾಗಾದರೆ ಸೋರಿಕೆ ಹುಡುಕುವುದು ಹೇಗೆ? ಕನ್ನಡಕ ಹಾಕಿ, ಉದ್ದ ಕೋಲಿನ ತುದಿಗೆ ರಟ್ಟಿನ ತುಂಡು ಕಟ್ಟಿ, ಅದನ್ನು ಹೋಸಿನ ಉದ್ದಕ್ಕೂ ಆಡಿಸಿ. ಎಣ್ಣೆ ಕಲೆ ಎಲ್ಲಿ ಬೀಳುತ್ತದೋ ಸೋರಿಕೆ ಅಲ್ಲಿದೆ. ಗುರುತು ಮಾಡಿಕೊಂಡು ಎಂಜಿನ್ ಆಫ್ ಮಾಡಿ, ಆಮೇಲೆ ಸ್ಪಾನರ್ ಹಿಡಿಯಿರಿ.

ಇದರಲ್ಲಿ ಒಂದೇ ಮಾತು ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ: ಸೋರಿಕೆಗೆ ರಟ್ಟು ಹಿಡಿಯಿರಿ, ಕೈ ಹಿಡಿಯಬೇಡಿ, ಎಣ್ಣೆ ಚುಚ್ಚಿದರೆ ಆಗಲೇ ಆಸ್ಪತ್ರೆಗೆ ಹೋಗಿ.