ಬೇಡವೆನ್ನುವ ವೈದ್ಯವಿದ್ಯೆ

ಒಂಬತ್ತನೆಯ ಶತಮಾನದ ಜೈನಾಚಾರ್ಯ ಉಗ್ರಾದಿತ್ಯರು ‘ಕಲ್ಯಾಣಕಾರಕ’ವೆಂಬ ಸಂಸ್ಕೃತ ವೈದ್ಯಗ್ರಂಥದಲ್ಲಿ ಮದ್ಯಮಾಂಸಗಳಿಲ್ಲದ ಚಿಕಿತ್ಸಾಕ್ರಮವನ್ನು ನಿರೂಪಿಸಿದರು, ನೃಪತುಂಗನ ಸಭೆಯಲ್ಲಿ ವೈದ್ಯರೆದುರು ಮಾಂಸೌಷಧದ ನಿಷ್ಫಲತೆಯನ್ನು ಪ್ರತಿಪಾದಿಸಿದರು. ಈ ಗ್ರಂಥವು 1940ರಲ್ಲಿ ಸೊಲ್ಲಾಪುರದಲ್ಲಿ ಅಚ್ಚಾಯಿತು.

ರೂಢಿಯ ಮದ್ದೆಲ್ಲವೂ ಅಗತ್ಯವೇ ಎಂಬ ಅವರ ಪ್ರಶ್ನೆ ಇಂದಿಗೂ ಸಲ್ಲುತ್ತದೆ. 2012ರಲ್ಲಿ ಅಮೆರಿಕೆಯ ವೈದ್ಯಸಂಘಗಳು ಪ್ರಶ್ನಿಸಬೇಕಾದ ಪರೀಕ್ಷೆ, ಚಿಕಿತ್ಸೆಗಳ ಪಟ್ಟಿಗಳನ್ನು ಪ್ರಕಟಿಸಿದವು. ನಮ್ಮ ಎಂ.ಬಿ.ಬಿ.ಎಸ್. ಪಠ್ಯಕ್ರಮದಲ್ಲಿ 2019ರಿಂದ ನೀತಿ, ಸಂವಹನಗಳೂ ಸೇರಿವೆ. ಸಾಮಾನ್ಯ ನೆಗಡಿಗೆ ಆ್ಯಂಟಿಬಯಾಟಿಕ್ ಏಕೆ ಬೇಡವೆಂದು ರೋಗಿಗೆ ತಿಳಿಯಹೇಳುವುದೂ ವಿದ್ಯೆಯೇ.

ಕನ್ನೊಳ್ಳಿಯ ರೈತನು ವಿಜಯಪುರದ ಆಸ್ಪತ್ರೆಗೆ ಬಂದಾಗ, ಒಂದು ಅನಗತ್ಯ ಪರೀಕ್ಷೆಯೂ ಅವನ ಬಿತ್ತನೆಯ ಹಣವನ್ನು ನುಂಗಬಲ್ಲದು. ಆದುದರಿಂದ ವೈದ್ಯವಿದ್ಯಾರ್ಥಿಗಳಿಗೆ ನೆರವೀಯುವ ಬಸದಿಯ ಟ್ರಸ್ಟುಗಳು ಈ ವಿವೇಕವನ್ನೂ ಅವರಲ್ಲಿ ಬೆಳೆಸಲಿ. ಅಗತ್ಯವಾದುದನ್ನು ತಡೆಯದಿರುವುದು ಅಹಿಂಸೆ. ಅನಗತ್ಯವಾದುದನ್ನು ಹೇರದಿರುವುದೂ ಅಹಿಂಸೆಯೇ.